ಮಡಿಸಿದ ಅಂಚು

ಹರಿಹರ ರಾಯರು ಬ್ಯಾಂಕಿನಲ್ಲಿದ್ದದ್ದು ಮೂವತ್ತೊಂದು ವರ್ಷ. ಕೊನೆಯ ಒಂಬತ್ತು ವರ್ಷ ವಿಜಿಲೆನ್ಸ್ ವಿಭಾಗದಲ್ಲಿ. ತಪಾಸಣೆಗೆ ಹೋದ ಶಾಖೆಯಲ್ಲಿ ಅವರು ಒಂದು ಲೋಟ ನೀರನ್ನೂ ಮುಟ್ಟಿದವರಲ್ಲ. ಕಾಫಿಯ ಫ್ಲಾಸ್ಕು ಮನೆಯಿಂದ, ಮೊಸರನ್ನ ಮನೆಯಿಂದ, ಅನುಮಾನವೂ ಮನೆಯಿಂದಲೇ. ಮ್ಯಾನೇಜರನ ಎದುರು ಕೂತು, ಮೇಜಿನ ಆಚೆ ಬದಿಯ ಕಾಗದವನ್ನು ತಲೆಕೆಳಗಾಗಿಯೇ ಸರಾಗವಾಗಿ ಓದುತ್ತಿದ್ದರು. ಮೂಗರ್ಜಿಯೊಂದು ಕೈಗೆ ಬಂದರೆ, ಬರೆದವನು ಯಾವ ಶಾಖೆಯ ಯಾವ ಕಿಟಕಿಯ ಪಕ್ಕ ಕೂರುವವನು ಎಂದು ಸಂಜೆಯೊಳಗೆ ಹೇಳುತ್ತಿದ್ದರು.

ಇಂಥ ರಾಯರು ನಿವೃತ್ತರಾಗಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ೨೦೦೩ರ ಜನವರಿಯ ಒಂದು ಬೆಳಗ್ಗೆ, ಮೈಲಾಪೂರಿನ ಫ್ಲ್ಯಾಟಿನ ಅಡುಗೆಮನೆಯಿಂದ ಹೆಂಡತಿ ಊರ್ಮಿಳಾ ಹೇಳಿದಳು:

"ಮುಂದಿನ ತಿಂಗಳು ಶ್ರೀಲಂಕಾಕ್ಕೆ ಹೋಗ್ತಿದೀನಿ. ಹತ್ತು ದಿನ. ಯೋಗ ಶಿಬಿರ, ಸಮುದ್ರದ ಪಕ್ಕ."

"ಯಾರ್ಯಾರು?"

"ನಾನು."

"ನಾವು ಅನ್ನು."

"ನಾನು ಅಂದೆ. ಒಬ್ಬಳೇ."

ರಾಯರು ಪೇಪರು ಕೆಳಗಿಟ್ಟರು. ಮದುವೆಯಾದ ಮೂವತ್ತು ವರ್ಷದಲ್ಲಿ ಊರ್ಮಿಳಾ ಗಂಡನಿಲ್ಲದೆ ಊರು ಬಿಟ್ಟು ಹೋದದ್ದೆಂದರೆ ಎರಡು ಬಾಣಂತನಕ್ಕೆ, ಅದೂ ಅಣ್ಣ ಬಂದು ಕರೆದುಕೊಂಡು ಹೋದಾಗ. ಆ ದಿನದಿಂದ ರಾಯರ ತಲೆಯಲ್ಲಿ ಉಳಿದದ್ದು ಒಂದೇ ಪ್ರಶ್ನೆ: ಒಬ್ಬಳೇ ಯಾಕೆ?

ಎದುರು ಮನೆಯ ರಮಾಬಾಯಿ ಆ ಪ್ರಶ್ನೆಗೆ ನೀರೆರೆದರು. ನಾಲ್ಕು ತಲೆಮಾರಿನಿಂದ ಮದರಾಸಿನಲ್ಲೇ ಇರುವ ಮನೆತನ ಅವರದು. ಅವರ ಕನ್ನಡ ತಮಿಳಿನ ಕೈಹಿಡಿದೇ ನಡೆಯುತ್ತಿತ್ತು.

"ಎನ್ನ ರಾಯರೇ, ಬೀಚು ಇಲ್ಲೇ ಬೆಸೆಂಟ್ ನಗರದಲ್ಲಿ ಇದೆಯಲ್ಲ? ೨೯ಸಿ ಬಸ್ ಹತ್ತಿದ್ರೆ ಅರ್ಧ ಗಂಟೆ. ಅದಕ್ಕೆ ಪ್ಲೇನು ಏತಕ್ಕೆ? ಪೊಂಡಾಟಿನ ತನಿಯಾ, ಹೆಂಡತೀನ ಒಬ್ಬಳನ್ನೇ, ಬೇರೆ ದೇಶಕ್ಕೆ ಕಳಿಸ್ತೀರಾ? ಪಾವಂ ನೀವು."

ಯಾರಿಂದಲೂ ಪಾವಂ, ಅಂದರೆ ಅಯ್ಯೋ ಪಾಪ, ಅನ್ನಿಸಿಕೊಳ್ಳುವುದು ರಾಯರಿಗೆ ರೂಢಿಯಿರಲಿಲ್ಲ. ಅವರು ವಿಚಾರಣೆಗೆ ಇಳಿದರು. ಶಿಬಿರ ನಡೆಸುವವನು ಉದಯ್, ತಿಪಟೂರಿನವನು, ವಯಸ್ಸು ಮೂವತ್ತೆರಡು. ಬೆಸೆಂಟ್ ನಗರದ ಮರಳಿನ ಮೇಲೆ ದಿನಾ ಬೆಳಗ್ಗೆ ಊರ್ಮಿಳಾ ಮತ್ತಿತರ ಹೆಂಗಸರಿಗೆ ಯೋಗ ಕಲಿಸುತ್ತಾನೆ. ಕೂದಲು ಹಿಂದಕ್ಕೆ ಕಟ್ಟುತ್ತಾನೆ. ಎಲ್ಲದಕ್ಕೂ ನಗುತ್ತಾನೆ. ಕಾರಣವಿಲ್ಲದೆ ನಗುವ ಕ್ಯಾಷಿಯರುಗಳನ್ನು ರಾಯರು ಕಂಡವರು. ಅವರು ಸದ್ದಿಲ್ಲದೆ ಆ ಶಿಬಿರಕ್ಕೆ ತಮ್ಮ ಹೆಸರನ್ನೂ ಕೊಟ್ಟರು.

"ಒಂದು ಜಾಗ ಖಾಲಿ ಇತ್ತಂತೆ," ಎಂದರು, ಮೀನಂಬಾಕ್ಕಂ ವಿಮಾನ ನಿಲ್ದಾಣದಲ್ಲಿ, ಫ್ಲಾಸ್ಕು ಹೆಗಲಿಗೇರಿಸುತ್ತ.

ಊರ್ಮಿಳಾ ಫ್ಲಾಸ್ಕನ್ನು ನೋಡಿದಳು. ಅವಳ ಮುಖ ದೀಪ ಆರಿಸಿದ ಕೋಣೆಯ ಹಾಗಾಯಿತು.

ಶಿಬಿರ ಕೊಲಂಬೋದಿಂದ ಮೂರು ಗಂಟೆ ದಕ್ಷಿಣಕ್ಕೆ, ಮೀನುಗಾರರ ಊರೊಂದರ ಪಕ್ಕದಲ್ಲಿತ್ತು. ಮರಳು, ತೆಂಗು, ಹುಲ್ಲು ಹೊದಿಸಿದ ಗುಡಿಸಲುಗಳು. ಹೆಂಗಸರು ಆ ಕಡೆ, ಗಂಡಸರು ಈ ಕಡೆ. ಒಂದು ಡಜನ್ ಬಿಳಿಯರು, ಬಹುಪಾಲು ಜರ್ಮನಿಯವರು. ತಮ್ಮ ಮೊಣಕಾಲನ್ನು ತಾವೇ ಮುಟ್ಟಿಕೊಂಡಾಗ ಅವರ ಕಣ್ಣು ತುಂಬಿಬರುತ್ತಿತ್ತು. ಶಿಬಿರಾರ್ಥಿಗಳಲ್ಲಿ ನಮ್ಮವರೆಂದರೆ ಗಂಡ ಹೆಂಡತಿ ಇಬ್ಬರೇ.

ಹೆಸರು ಬರೆಸುವಾಗ ಊರ್ಮಿಳಾಳ ಅರ್ಜಿಯನ್ನು ರಾಯರು ಮೇಜಿನ ಈಚೆಯಿಂದ ತಲೆಕೆಳಗಾಗಿಯೇ ಓದಿದರು. 'ಯಾಕೆ ಬಂದಿದ್ದೀರಿ?' ಎಂಬಲ್ಲಿ ಜರ್ಮನ್ನರು ಹಾಳೆಯ ಹಿಂಬದಿಗೂ ಬರಹ ಹರಿಸಿದ್ದರು. ಊರ್ಮಿಳಾ ಒಂದು ಅಡ್ಡಗೆರೆ ಎಳೆದಿದ್ದಳು. ತುಂಬಿದ ಕಾಲಮ್ಮಿನಲ್ಲಿ ಸುಳ್ಳಿರಬಹುದು; ಖಾಲಿ ಬಿಟ್ಟ ಕಾಲಮ್ಮಿನಲ್ಲಿ ಇನ್ನೂ ಏನೇನೋ ಇರುತ್ತದೆಂದು ಅನುಭವ ಅವರಿಗೆ ಹೇಳಿತು.

ಸಂಜೆ ಉದಯ್ ನಿಯಮ ಹೇಳಿದ. ಹತ್ತೂ ದಿನ ಮೌನ. ಪ್ರಶ್ನೆಗಳಿದ್ದರೆ ಚೀಟಿಯಲ್ಲಿ ಬರೆದು ಬುಟ್ಟಿಗೆ ಹಾಕುವುದು, ಹೆಸರು ಬೇಡ. ದೀಪ ಹಚ್ಚುವ ಹೊತ್ತಿಗೆ ಅವನು ಓದಿ ಉತ್ತರಿಸುತ್ತಾನೆ.

ಅಂದರೆ ಇಲ್ಲಿ ಮೂಗರ್ಜಿಗೆ ಅಧಿಕೃತ ಬುಟ್ಟಿಯೇ ಇದೆ! ರಾಯರಿಗೆ ಮೊದಲ ಸಲ ಶಿಬಿರದ ಮೇಲೆ ಕೊಂಚ ಗೌರವ ಬಂತು.

ಮೌನ ಮಾತ್ರ ಅವರಿಗೆ ತೊಡಕಾಯಿತು. ಪ್ರಶ್ನೆಯನ್ನೇ ಕೇಳದೆ ವಿಚಾರಣೆ ನಡೆಸುವುದು ಹೇಗೆ? ಬರೀ ಗಮನಿಸಿದರು. ಎಲ್ಲರೂ ಶವಾಸನದಲ್ಲಿ ಕಣ್ಣು ಮುಚ್ಚಿದಾಗ ಒಂದು ಹೆಣ ಮಾತ್ರ ಅರೆಗಣ್ಣು ತೆರೆದು ಹೆಂಗಸರ ಸಾಲನ್ನು ನೋಡುತ್ತಿತ್ತು. ನಾಲ್ಕನೆಯ ದಿನಕ್ಕೆ ಫಲ ಸಿಕ್ಕಿತು. ಸರಿಯಾಗಿ ನಾಲ್ಕು ಗಂಟೆಗೆ ಊರ್ಮಿಳಾ ತೆಂಗಿನ ಸಾಲಿನಾಚೆ ಮರೆಯಾಗುತ್ತಾಳೆ, ಐದೂಕಾಲಿಗೆ ಬರುತ್ತಾಳೆ. ಅದೇ ಹೊತ್ತಿಗೆ ಉದಯ್ ಕೂಡ ಕಾಣುವುದಿಲ್ಲ. ಹಿಂದೆಯೇ ಹೋಗಿ ನೋಡಬಹುದಿತ್ತು. ಆದರೆ ತನಿಖೆಗೆ ಮೊದಲು ದೂರು ದಾಖಲಾಗಬೇಕು. ಅದು ಕ್ರಮ.

ಆರನೆಯ ದಿನ ರಾಯರು ದೂರು ಬರೆದರು. ಒಂಬತ್ತು ವರ್ಷ ಓದಿದ ಮೂಗರ್ಜಿಗಳ ಜಾಣತನವನ್ನೆಲ್ಲ ಒಂದೇ ಹಾಳೆಗೆ ಧಾರೆಯೆರೆದರು. ಕಾಗದ ಶಿಬಿರದ್ದು. ಪೆನ್ನು ಒಬ್ಬ ಜರ್ಮನ್ನನದು. ಭಾಷೆ ಇಂಗ್ಲಿಷು, ದೊಡ್ಡಕ್ಷರ, ಅದೂ ಎಡಗೈಯಲ್ಲಿ.

ದೀಪ ಹಚ್ಚಿದ ಮೇಲೆ ಉದಯ್ ಚೀಟಿಗಳನ್ನು ಒಂದೊಂದಾಗಿ ತೆಗೆದ. ಉಸಿರಿನ ಬಗ್ಗೆ ಒಂದು, ಬೆನ್ನಿನ ಬಗ್ಗೆ ಎರಡು. ನಾಲ್ಕನೆಯದು ಪೂರ್ತಿ ಹಾಳೆ.

"ಮಹಿಳಾ ಶಿಬಿರಾರ್ಥಿಯೊಬ್ಬರು ಪ್ರತಿದಿನ ಸಂಜೆ ನಾಲ್ಕರಿಂದ ಐದೂಕಾಲರವರೆಗೆ ಆವರಣದಿಂದ ಗೈರುಹಾಜರಾಗುತ್ತಿರುವುದು ಗಮನಕ್ಕೆ ಬಂದಿದೆ," ಎಂದು ಅವನು ಇಂಗ್ಲಿಷಿನಲ್ಲಿ ಓದಿದ. "ಸೂಕ್ತ ಕ್ರಮಕ್ಕಾಗಿ ಕೋರಲಾಗಿದೆ." ಓದಿ, ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದ. "ಇದು ಪ್ರಶ್ನೆಯಂತೂ ಅಲ್ಲ."

ಹಾಗೆ ತಿರುಗಿಸುವಾಗ ದೀಪದ ಬೆಳಕಿನಲ್ಲಿ ಹಾಳೆಯ ಎಡಬದಿ ಎದ್ದು ಕಂಡಿತು. ನೇರವಾದ, ಉಗುರಿನಿಂದ ಎರಡು ಸಲ ತೀಡಿದ ಮಡಿಕೆ. ಮೇಲಧಿಕಾರಿ ಷರಾ ಬರೆಯಲೆಂದು ಬ್ಯಾಂಕಿನ ಅಧಿಕಾರಿಗಳು ಬರೆಯುವ ಮುನ್ನ ಎಡಕ್ಕೆ ಮಡಿಸಿ ಬಿಡುವ ಜಾಗ ಅದು. ರಾಯರು ಧೋಬಿಯ ಚೀಟಿಯಲ್ಲೂ, ಕೊತ್ತಂಬರಿ ಕರಿಬೇವಿನ ಪಟ್ಟಿಯಲ್ಲೂ ಆ ಜಾಗ ಬಿಡದೆ ಇದ್ದವರಲ್ಲ. ಆ ಪಟ್ಟಿಗಳನ್ನು ಹಿಡಿದು ಮೂವತ್ತು ವರ್ಷ ಅಂಗಡಿಗೆ ಹೋದವಳು ಮೂರನೆಯ ಸಾಲಿನಲ್ಲಿ ಕೂತಿದ್ದಳು.

ಊರ್ಮಿಳಾ ಎದ್ದು ಬಂದು ಹಾಳೆ ಇಸಿದುಕೊಂಡಳು. ಮಡಿಕೆಯ ಮೇಲೆ ಬೆರಳಾಡಿಸಿ ರಾಯರ ಕಡೆ ತಿರುಗಿದಳು.

"ಅಲ್ಲೊಂದು ಬಂಡೆ ಇದೆ," ಎಂದಳು, ಕನ್ನಡದಲ್ಲಿ. "ಅದರ ಮೇಲೆ ಕೂತ್ಕೋತೀನಿ."

"ಯಾರ ಜೊತೆ?" ರಾಯರ ಮೌನವೂ ಮುರಿಯಿತು.

"ಯಾರ ಜೊತೇನೂ ಇಲ್ಲ."

"ಕೂತು ಏನ್ಮಾಡ್ತೀಯ?"

"ಏನೂ ಮಾಡಲ್ಲ."

"ಏನೂ ಅಂದ್ರೆ?"

"ಇದಕ್ಕೇ ಕಣ್ರೀ ನಾನು ಒಬ್ಬಳೇ ಬರ್ತೀನಿ ಅಂದಿದ್ದು!"

ಜರ್ಮನ್ನರು ಅದನ್ನು ಯಾವುದೋ ಪ್ರಾಚೀನ ಶ್ಲೋಕದ ಸಂವಾದವೆಂದು ತಿಳಿದು ಕೈಮುಗಿದರು. ಉದಯ್ ಮಾತ್ರ ಮೊದಲ ಸಲ ನಗಲಿಲ್ಲ. "ಸಾರ್, ನಾಲ್ಕು ಗಂಟೆಗೆ ನಾನು ಮೀನುಪೇಟೆ ಪಕ್ಕ ತರಕಾರಿ ತರೋಕ್ ಹೋಗ್ತೀನಿ," ಎಂದ ತಗ್ಗಿದ ದನಿಯಲ್ಲಿ. "ಬೇಕಾದ್ರೆ ನಾಳೆ ಬನ್ನಿ, ಚೀಲ ಹಿಡ್ಕೊಳ್ಳೋಕೆ ಆಗುತ್ತೆ."

ಹತ್ತನೆಯ ದಿನ ಎಲ್ಲರ ಮೌನ ಮುಗಿಯಿತು. ಊರ್ಮಿಳಾಳದು ಮುಗಿಯಲಿಲ್ಲ. ವಿಮಾನದಲ್ಲಿ ಗಗನಸಖಿಯ ಜೊತೆ ಮಾತಾಡಿದಳು, ಮೈಲಾಪೂರಿನಲ್ಲಿ ಹಾಲಿನವನ ಜೊತೆ ಮಾತಾಡಿದಳು, ರಮಾಬಾಯಿಯ ಜೊತೆ ಒಂದು ಗಂಟೆ ಮಾತಾಡಿದಳು. ರಾಯರ ಮುಂದೆ ತಟ್ಟೆ ಇಟ್ಟಳು, ಅಷ್ಟೆ. ಮೂರು ದಿನ ಹೀಗೇ ನಡೆಯಿತು. ಎಷ್ಟೋ ಜನರ ಸಸ್ಪೆನ್ಷನ್ ಆದೇಶಕ್ಕೆ ಟಿಪ್ಪಣಿ ಬರೆದಿದ್ದ ರಾಯರಿಗೆ ಆ ಸ್ಥಿತಿ ಹೇಗಿರುತ್ತದೆಂದು ಈಗ ತಿಳಿಯಿತು. ಇದು ಹೀಗೇ ಉಳಿದುಬಿಟ್ಟರೆ? ಪಿಂಚಣಿಯ ಅಷ್ಟೂ ವರ್ಷ, ಈ ಎರಡು ಕೋಣೆಯಲ್ಲಿ?

ನಾಲ್ಕನೆಯ ದಿನ, ಸರಿಯಾಗಿ ನಾಲ್ಕು ಗಂಟೆಗೆ, ಊರ್ಮಿಳಾ ಚಪ್ಪಲಿ ಮೆಟ್ಟಿದಳು. ಬಾಗಿಲು ತೆರೆದು, ಅಭ್ಯಾಸಬಲದಿಂದ ಒಂದು ಕ್ಷಣ ನಿಂತಳು. ಮೂವತ್ತು ವರ್ಷದಿಂದ ಆ ಹೊಸ್ತಿಲಲ್ಲಿ 'ಎಲ್ಲಿಗೆ?' ಎಂಬ ಪ್ರಶ್ನೆ ಬೆನ್ನಿಗೆ ತಾಗದೆ ಅವಳು ಹೊರಗೆ ಕಾಲಿಟ್ಟವಳಲ್ಲ.

ರಾಯರು ಎರಡೂ ಕೈಗಳಿಂದ ಕುರ್ಚಿಯ ತೋಳು ಹಿಡಿದುಕೊಂಡರು. ಪ್ರಶ್ನೆ ಗಂಟಲಿನವರೆಗೆ ಬಂತು. ಅದನ್ನು ಅಲ್ಲೇ ನಿಲ್ಲಿಸಿ, ಉದಯ್ ಹೇಳಿಕೊಟ್ಟ ಹಾಗೆ ನಿಧಾನವಾಗಿ ಮೂಗಿನಿಂದ ಉಸಿರು ಬಿಟ್ಟರು.

"ಕೇಳಲ್ವಾ?" ಊರ್ಮಿಳಾ ಕೇಳಿದಳು. ನಾಲ್ಕು ದಿನದಲ್ಲಿ ಮೊದಲ ಮಾತು.

"ಇಲ್ಲ. ಹೋಗಿ ಬಾ."

ಊರ್ಮಿಳಾ ತಿರುಗಿ ನೋಡಿದಳು. "ಮೈ ಬಿಸಿ ಗಿಸಿ ಇದೆಯಾ?"

"ಇಲ್ಲ. ಹೋಗಿ ಬಾ ಅಂದೆನಲ್ಲ."

ಮೆಟ್ಟಿಲಿಳಿಯುವ ಸದ್ದು ಕೇಳಿತು. ಬಾಲ್ಕನಿಗೆ ಹೋದರೆ ಅವಳು ಕೆರೆಯ ಕಡೆಗೋ ರೈಲು ಸ್ಟೇಷನ್ನಿನ ಕಡೆಗೋ ಹೋಗುವುದು ಕಾಣುತ್ತಿತ್ತು. ರಾಯರು ಎದ್ದರು, ಕೂತರು, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಮತ್ತೆ ಕೂತರು.

ಶಿಬಿರದ ಲೆಕ್ಕದಲ್ಲಿ ಐದೂಕಾಲಿಗೆ ಬರಬೇಕಾದವಳು ನಾಲ್ಕೂವರೆಗೇ ಏದುಸಿರು ಬಿಡುತ್ತ ಬಂದಳು. ಚಪ್ಪಲಿ ಕಳಚದೆ, ಗೋಡೆಗೆ ಮುಖ ಮಾಡಿ ಕೂತಿದ್ದ ಗಂಡನನ್ನು ನೋಡಿದಳು, ಅಡುಗೆಮನೆಗೆ ಇಣುಕಿದಳು, ಫೋನಿನ ರಿಸೀವರು ಬಿಸಿಯಿದೆಯೇ ಎಂದು ಮುಟ್ಟಿ ನೋಡಿದಳು.

"ನಾನಿಲ್ಲದಾಗ ಏನ್ಮಾಡ್ತಿದ್ರಿ?"

"ಏನೂ ಮಾಡ್ಲಿಲ್ಲ."

ಊರ್ಮಿಳಾ ಕಣ್ಣು ಕಿರಿದು ಮಾಡಿದಳು.

"ಏನೂ ಅಂದ್ರೆ?"