ಬಿಚ್ಚಿದ ಅಂಚು

ದಾರದ ತುದಿ ಸೂಜಿಯ ಕಣ್ಣಿನ ಪಕ್ಕದಲ್ಲೇ ಜಾರಿ ಹೋಗುತ್ತದೆ, ಮತ್ತೆ ನಾಲಿಗೆಗೆ ತಾಗಿಸಿ, ಬೆರಳಲ್ಲಿ ಹುರಿ ಮಾಡಿ, ಮತ್ತೆ — ನಿಧಾನ ಮಾಡು ತಬಿಥಾ, ನಾನೆಲ್ಲೂ ಓಡಿಹೋಗಲ್ಲ ಅಂತ ಮೇಲಿನಿಂದ ನಮ್ಮ ಪಾಸ್ಟರ್ ಅಮ್ಮನವರ ದನಿ, ಆರಾಧನೆ ಮುಗಿಸಿ ಬಂದ ಬಿಳಿ ನಿಲುವಂಗಿಯಲ್ಲೇ ಅವರು ವೆಸ್ಟ್ರಿಯ, ಚರ್ಚಿನಲ್ಲಿ ಅಂಗಿ ಬದಲಿಸುವ ಕೋಣೆಯ, ಗೋಡೆಗೆ ಒರಗಿ ನಿಂತಿದ್ದಾರೆ, ನಾನು ಅವರ ಕಾಲ ಬಳಿ ಕೆಂಪು ನೆಲದ ಮೇಲೆ, ಅಂಗಿಯ ಅಂಚು ಬಿಚ್ಚಿ ಜೋತುಬಿದ್ದಿದೆ, ಅದರ ಬಿಳಿ ದಾರ ನೆಲದ ಮೇಲೆ ಎಳೆದುಕೊಂಡು ಬಿದ್ದಿದೆ, ನಾನೇ ಹಾಕಿದ ಕಚ್ಚಾ ಹೊಲಿಗೆ. ಬಾಗಿಲಾಚೆ ಅಂಗಳದಲ್ಲಿ, ನನ್ನನ್ನ ಮದುವೆಯಾಗಬೇಕಿದ್ದ ನಿಶಾಂತನ ದೊಡ್ಡಪ್ಪ ಯೋವೇಲಪ್ಪನವರು ಇನ್ನೂ ಕೂಗುತ್ತಿದ್ದಾರೆ, ಅದಕ್ಕೇ ಹೇಳೋದು, ಹೆಂಗಸನ್ನ ಮೇಲೆ ನಿಲ್ಸಿದ್ರೆ ಕೆಳಗೆ ಕೂತಿರೋ ಹೆಂಗಸ್ರೂ ಎದ್ದು ನಿಲ್ತಾರೆ ಅಂತ, ಯಾರೋ ನಕ್ಕರು, ಯಾರೋ ಸುಮ್ನಿರಿ ಅಂದರು, ನಿಶಾಂತನ ದನಿ ಮಾತ್ರ ಇಲ್ಲ, ದೊಡ್ಡಪ್ಪ ಮಾತಾಡುವಾಗ ಅವನ ದನಿ ಇರುವುದೇ ಇಲ್ಲ. ನನ್ನ ಮದುವೆ ನಿಂತುಹೋಗಿದೆ, ನಿಲ್ಲಿಸಿದ್ದು ನಾನು, ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಕೊಟ್ಟರೂ ಬಾಯಿ ಬಿಡದೆ ಬರುವ ನಾನು — ನೆನೆಸಿಕೊಂಡರೆ ನಗು ಬರುತ್ತದೆ, ಸೂಜಿಯಲ್ಲಿ ದಾರ ಹೋಯಿತು, ಹೋಯಿತು ದೇವರೇ.

ಈ ಅಂಗಿ ಅಮ್ಮನವರದಲ್ಲ, ಹಿಂದಿನ ಪಾಸ್ಟರ್ ಅಯ್ಯನವರದು, ಅವರು ಬಾಗಿಲಿಗೆ ತಲೆ ತಗುಲುವಷ್ಟು ಎತ್ತರ, ಇವರು ನನ್ನಷ್ಟೇ, ಇವರು ಬಂದಾಗ ಚಾಮರಾಜಪೇಟೆಯ ನಮ್ಮ ಚರ್ಚಿನ ಇಡೀ ಸಭೆಗೆ ತಲೆನೋವು, ಹೆಂಗಸು ಪಾಸ್ಟರಂತೆ, ಏನಂತ ಕರೆಯೋದು, ಅಯ್ಯನವರ ಹೆಂಡತಿಯನ್ನ ಅಮ್ಮನವರು ಅಂತಿದ್ದೆವು, ಈಗ ಇವರನ್ನೇ ಅಮ್ಮನವರು ಅಂದರೆ ಇವರ ಗಂಡನನ್ನ ಏನನ್ನೋದು, ಆ ಡ್ರಾಯಿಂಗ್ ಮೇಷ್ಟ್ರು ಪಾಪ ಕೊನೇ ಬೆಂಚಲ್ಲಿ ಕೂತು ನಗುತ್ತಿದ್ದರು, ನನ್ನನ್ನ ಮೇಷ್ಟ್ರು ಅನ್ನಿ ಸಾಕು ಅಂತ. ಹೊಸ ಅಂಗಿ ಹೊಲಿಸೋಣ ಅಂತ ಕಮಿಟಿಯಲ್ಲಿ ಯಾರೋ ಅಂದಾಗ ಬೇಡ ಅಂದದ್ದು ಅಪ್ಪ, ನಮ್ಮಪ್ಪನೇ, ಇವರೆಷ್ಟು ದಿನ ಇರ್ತಾರೆ, ಮುಂದಿನವರಿಗೆ ಅದು ಆಗಲ್ಲ, ಇರೋದನ್ನೇ ಮೇಲೆ ಮಡಚಿ ಹಾಕ್ಲಿ, ನಮ್ಮ ಹುಡುಗಿ ಮಡಚಿ ಕೊಡ್ತಾಳೆ ಅಂದು ನನ್ನ ಹೆಸರು ಹೇಳಿ ಬಂದರು. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮೇಲೆ ನನಗೆ ಗೊತ್ತಿರುವುದು ಅದೇ, ಸೀರೆಗೆ ಫಾಲ್ ಹಚ್ಚುವುದು, ಕುಚ್ಚು ಕಟ್ಟುವುದು, ತಲೆ ಬಗ್ಗಿಸಿ ಮಾಡುವ ಕೆಲಸ, ಅದಕ್ಕೇ ನನಗೆ ಮನುಷ್ಯರು ಕಾಲಿನಿಂದ ಗುರುತು, ಅಮ್ಮನವರ ಒಡೆದ ಹಿಮ್ಮಡಿ, ಯೋವೇಲಪ್ಪನವರ ಪಾಲಿಶ್ ಮಾಡಿದ ಕಪ್ಪು ಶೂ, ನಿಶಾಂತನ ಬಿಳಿ ಸಾಕ್ಸು. ಅವರು ನನ್ನ ನೋಡೋಕೆ ಬಂದ ದಿನವೂ ಅಷ್ಟೇ ಕಂಡದ್ದು, ಶೂ, ಸಾಕ್ಸು, ನಾನು ಟೀ ಇಟ್ಟು ಗೋಡೆ ಪಕ್ಕ ನಿಂತೆ, ಒಂದು ಮಾತೂ ಆಡಲಿಲ್ಲ, ಯೋವೇಲಪ್ಪನವರು ತೊಡೆ ತಟ್ಟಿಕೊಂಡು, ನೋಡ್ರಪ್ಪಾ, ಹೆಣ್ಣು ಅಂದ್ರೆ ಇದು, ಈ ಕಾಲದಲ್ಲಿ ಇಂಥ ಭಕ್ತಿ ಎಲ್ಲಿ ಸಿಗುತ್ತೆ ಅಂದರು. ಭಕ್ತಿಯಲ್ಲ ಅದು, ನಾಚಿಕೆ, ನನಗೆ ಮಾತು ಬರುವುದು ನಿಧಾನ ಅಷ್ಟೇ, ಬಾಯೊಳಗೆ ಇರುತ್ತದೆ, ಹೊರಗೆ ಬರುವಷ್ಟರಲ್ಲಿ ಎಲ್ಲರೂ ಬೇರೆ ಮಾತಿಗೆ ಹೋಗಿರುತ್ತಾರೆ.

ಆವತ್ತೇ ನಾನು ಆ ಸಕ್ಕರೆಯನ್ನ ನೋಡಿದ್ದು. ನಿಶಾಂತನ ಅತ್ತಿಗೆಯೂ ಬಂದಿದ್ದರು, ತಲೆ ಮೇಲೆ ಸೆರಗು, ಅವರ ಸಭೆಯಲ್ಲಿ ಹೆಂಗಸರು ಹಾಗೇ, ಮಾಮೂಲ್‌ಪೇಟೆಯಲ್ಲಿ ಪಾತ್ರೆ ಅಂಗಡಿ ಮೇಲಿನ ದೊಡ್ಡ ಕೋಣೆಯಲ್ಲಿ ಸೇರುತ್ತಾರೆ, ಗಂಡಸರು ಮುಂದೆ, ಹೆಂಗಸರು ಹಿಂದೆ, ಹಿಂದಿನವರು ಪ್ರಾರ್ಥನೆಯನ್ನೂ ಗಟ್ಟಿಯಾಗಿ ಮಾಡುವಂತಿಲ್ಲ, ಆಮೆನ್ ಅನ್ನಬಹುದು. ಅಮ್ಮ ಅವರನ್ನ ಕೇಳಿದಳು, ಸಕ್ಕರೆ ಇನ್ನೊಂದು ಚಮಚ ಹಾಕ್ಲೇನಮ್ಮಾ, ಅವರು ಬಾಯಿ ತೆರೆದರು, ಮುಚ್ಚಿದರು, ತಿರುಗಿ ಗಂಡನ ಮುಖ ನೋಡಿದರು, ಅವರ ಗಂಡ ಯಾರ ಜೊತೆಯೋ ಮಾತಾಡುತ್ತಿದ್ದವರು ಇತ್ತ ನೋಡದೆಯೇ, ಹಾಕಿ ಹಾಕಿ ಅಂದರು, ಅಮ್ಮ ಹಾಕಿದಳು, ಅತ್ತಿಗೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು, ಅವರಿಗೆ ಬೇಕಿರಲಿಲ್ಲ, ಸಿಹಿ ಬೇಕಿರಲಿಲ್ಲ, ಲೋಟ ತೊಳೆಯುವಾಗ ತಳದಲ್ಲಿ ಸಕ್ಕರೆ ಕರಗದೆ ಹಾಗೇ ಕೂತಿತ್ತು. ಅಮ್ಮ ನೋಡಲಿಲ್ಲ, ಅಪ್ಪ ನೋಡಲಿಲ್ಲ, ನಾನು ನೋಡಿದೆ. ಆಮೇಲೆ ನಿಶ್ಚಿತಾರ್ಥದ ದಿನ ಎಲ್ಲರೂ ವಾದಕ್ಕೆ ಬಿದ್ದರು, ಯೋವೇಲಪ್ಪನವರಿಗೆ ಅಮ್ಮನವರು ಮದುವೆ ಮಾಡಿಸುವುದೇ ಬೇಡ, ಹೆಂಗಸಿಗೆ ಬೋಧಿಸೋ ಅಧಿಕಾರ ಎಲ್ಲಿದೆ ತೋರ್ಸಿ, ಗಂಡ ತಲೆ, ಹೆಂಡತಿ ದೇಹ, ತಲೆ ಹೇಳಿದ್ದು ದೇಹ ಕೇಳ್ಬೇಕು ಅಂದರು, ಅಮ್ಮನವರು ತಟ್ಟೆಯ ಬೋಂಡ ಮುರಿಯುತ್ತಾ, ಅಣ್ಣಾ, ಯೇಸುವಿನ ಸಮಾಧಿ ಖಾಲಿ ಇದೆ ಅಂತ ಮೊದಲು ಬಂದು ಹೇಳಿದ್ದು ಯಾರು, ಹೆಂಗಸರೇ ಅಲ್ವಾ, ಯೋವೇಲಪ್ಪನವರು, ಹೇಳಿದ್ರು, ಯಾರು ನಂಬಿದ್ರು, ಅಮ್ಮನವರು ಗಟ್ಟಿಯಾಗಿ ನಕ್ಕುಬಿಟ್ಟರು, ಅದೇ ನೋಡಿ ಅಣ್ಣಾ, ಆವತ್ತಿಂದ ನೀವು ನಂಬ್ತಾನೇ ಇಲ್ಲ. ಎಲ್ಲರೂ ನಕ್ಕರು, ಅಪ್ಪ ನಗಲಿಲ್ಲ, ಕೊನೆಗೆ ಅಪ್ಪನೇ ಒಪ್ಪಿಕೊಂಡು ಬಂದದ್ದು, ಮದುವೆಗೆ ಅಡ್ಡಿ ಇದೆಯಾ ಅಂತ ಮೂರು ಭಾನುವಾರ ಕೂಗಿ ಕೇಳುವ ಪ್ರಕಟಣೆ ನಮ್ಮ ಚರ್ಚಿನಲ್ಲಿ, ಮದುವೆ ಮಾಡಿಸುವುದು ಅವರ ಹಿರಿಯರು, ನಮ್ಮಲ್ಲಿ ಗಂಡು ಹೆಣ್ಣು ಇಬ್ಬರೂ ಒಂದೇ ಮಾತು ಹೇಳಿ ಕೈ ಹಿಡಿಯುತ್ತಾರೆ, ಅವರಲ್ಲಿ ಹೆಣ್ಣಿಗೆ ಮಾತ್ರ ಒಂದು ಸಾಲು ಜಾಸ್ತಿ, ಎಲ್ಲಾ ವಿಷಯದಲ್ಲೂ ವಿಧೇಯಳಾಗಿರುತ್ತೇನೆ ಅಂತ, ಎಲ್ಲಾ ವಿಷಯ ಅಂದರೆ — ಹೊಲಿಗೆ ಮಷೀನ್ ತರಬೇಡ, ಹೊರಗಿನವರ ಬಟ್ಟೆ ಹೊಲಿಯೋದು ದೊಡ್ಡಪ್ಪನಿಗೆ ಇಷ್ಟ ಇಲ್ಲ ಅಂದ ನಿಶಾಂತ ಫೋನಿನಲ್ಲಿ, ಕೆಟ್ಟ ದನಿಯಲ್ಲಲ್ಲ, ಪ್ರೀತಿಯಿಂದಲೇ, ನಿನಗ್ಯಾಕೆ ಕಷ್ಟ ಅಂತ. ಆಮೇಲೆ ಇದೇ ವೆಸ್ಟ್ರಿಯಲ್ಲಿ ಅಮ್ಮನವರು ನನ್ನೊಬ್ಬಳನ್ನೇ ಕೂರಿಸಿಕೊಂಡು ಕೇಳಿದರು, ನಿನಗೇನನ್ಸುತ್ತೆ, ನಾನು ಅವರ ಹಿಮ್ಮಡಿ ನೋಡುತ್ತಾ ಅಪ್ಪ ಹೇಳಿದ ಹಾಗೆ ಅಂದೆ, ಅವರು, ಮೂರು ಭಾನುವಾರ ಕೂಗಿ ಕೇಳೋದು ಊರಿನವರಿಗೋಸ್ಕರ ಮಾತ್ರ ಅಲ್ಲ ತಬಿಥಾ ಅಂದರು.

ಮೊದಲ ಭಾನುವಾರ ಕೇಳಿದರು, ಇವರಿಬ್ಬರ ವಿವಾಹಕ್ಕೆ ಯಾರದಾದರೂ ಅಡ್ಡಿ ಇದ್ದರೆ ತಿಳಿಸಬಹುದು, ಫ್ಯಾನಿನ ಸದ್ದು, ಮುಗಿಯಿತು, ಎರಡನೇ ಭಾನುವಾರ ಕೇಳಿದರು, ಫ್ಯಾನಿನ ಸದ್ದು, ಮುಗಿಯಿತು. ನಿನ್ನೆ ಸಡಿಲಾಗಿದ್ದ ಈ ಅಂಚನ್ನ ಬಿಚ್ಚಿ ಮತ್ತೆ ಪಕ್ಕಾ ಹಾಕಬೇಕೆಂದು ಕೂತಿದ್ದೆ, ಅಪ್ಪ ಬಂದು ಬೇಗ ಏಳು, ಚಿಕ್ಕಪೇಟೆಗೆ ಹೋಗ್ಬೇಕು, ಅವರೆಲ್ಲ ಕಾಯ್ತಿದ್ದಾರೆ, ಮದುವೆಗೆ ಬಿಳಿ ಸೀರೆ ತಗೋಬೇಕು ಅಂದರು, ಉದ್ದುದ್ದ ಕಚ್ಚಾ ಹಾಕಿ ಕೊಟ್ಟು ಓಡಿದೆ, ಅಂಗಡಿಯಲ್ಲಿ ಯೋವೇಲಪ್ಪನವರೇ ಸೀರೆ ಆರಿಸಿದರು, ಅತ್ತಿಗೆ ಒಂದನ್ನ ಮುಟ್ಟಿದರು, ಬೆರಳಲ್ಲಿ ಸವರಿ ಬಿಟ್ಟರು. ಇವತ್ತು ಮೂರನೇ ಭಾನುವಾರ, ಬೆಳಿಗ್ಗೆ ಅವರ ಕಡೆಯವರೂ ಬಂದು ಮುಂದಿನ ಬೆಂಚಲ್ಲಿ ಕೂತಿದ್ದಾರೆ, ಅಮ್ಮನವರು ಪೀಠದ ಮೆಟ್ಟಿಲ ಮೇಲೆ ನಿಂತು ಪ್ರಕಟಣೆ ಓದುತ್ತಿದ್ದಾರೆ, ನಾನು ಎಂದಿನಂತೆ ಕೆಳಗೆ ನೋಡುತ್ತಿದ್ದೇನೆ, ಅಂಚು ಬಿಚ್ಚಿದೆ, ದೇವರೇ, ಎಡಗಡೆ ಪೂರ್ತಿ ಬಿಚ್ಚಿ ಮೆಟ್ಟಿಲ ಮೇಲೆ ಜೋತಿದೆ, ಬಿಳಿ ದಾರ ಕೆಳಗಿನ ಮೆಟ್ಟಿಲಿಗೆ ಇಳಿದಿದೆ, ಅವರು ಒಂದು ಹೆಜ್ಜೆ ಇಟ್ಟರೆ ತುಳಿಯುತ್ತಾರೆ, ಎಡವುತ್ತಾರೆ, ಇಷ್ಟು ಜನರ ಮುಂದೆ, ಇವರ ಮುಂದೆ, ಬೀಳುತ್ತಾರೆ, ಯೋವೇಲಪ್ಪನವರು ನೋಡಿ ನಗುತ್ತಾರೆ, ನನ್ನ ಹೊಲಿಗೆಯಿಂದ — ಅವರ ಕಾಲು ಎದ್ದಿತು, ನಾನೂ ಎದ್ದೆ. ಎದ್ದು ನಿಂತುಬಿಟ್ಟೆ. ಅಂಚು ಅಂತ ಹೇಳಬೇಕು ಅಂತ, ಅಷ್ಟೇ. ಆದರೆ ಆಗತಾನೆ ಅವರು ಅಡ್ಡಿ ಇದ್ದರೆ ತಿಳಿಸಬಹುದು ಅಂದಿದ್ದರು, ನಾನು ಅದನ್ನ ಕೇಳಿಸಿಕೊಂಡೇ ಇರಲಿಲ್ಲ, ಫ್ಯಾನಿನ ಸದ್ದು, ಎಲ್ಲರ ತಲೆ ನನ್ನ ಕಡೆ ತಿರುಗಿತು, ಅಮ್ಮ ನನ್ನ ಸೀರೆ ಹಿಡಿದೆಳೆದಳು, ಕೂತ್ಕೊಳೇ, ಅಮ್ಮನವರ ಕಾಲು ಅಲ್ಲೇ ನಿಂತಿತು, ತಬಿಥಾ, ಏನಮ್ಮಾ. ಅಂಚು ಬಿಚ್ಚಿದೆ ಅಂದಿದ್ದರೆ ಮುಗಿಯುತ್ತಿತ್ತು, ಜನ ನಗುತ್ತಿದ್ದರು, ನಾನು ಕೂತುಬಿಡುತ್ತಿದ್ದೆ, ಆ ಮಾತು ಬಾಯಿಯವರೆಗೆ ಬಂದಿತ್ತು, ಆದರೆ ಮೊದಲ ಸಲ ಎಲ್ಲರೂ ಕಾಯುತ್ತಿದ್ದರು, ಯಾರೂ ಬೇರೆ ಮಾತಿಗೆ ಹೋಗಿರಲಿಲ್ಲ, ಮುಂದಿನ ಬೆಂಚಿನಿಂದ ಅತ್ತಿಗೆಯೂ ಸೆರಗಿನೊಳಗಿಂದ ನನ್ನನ್ನೇ ನೋಡುತ್ತಿದ್ದರು, ಗಂಡನ ಮುಖವನ್ನಲ್ಲ, ನನ್ನನ್ನ. ಅಡ್ಡಿ ಇದೆ ಅಂದೆ. ಯಾರದಮ್ಮಾ ಅಂದರು. ನಂದೇ ಅಂದೆ.

ಸೂಜಿ ಒಳಗೆ, ಹೊರಗೆ, ಸಣ್ಣ ಸಣ್ಣ ಹೊಲಿಗೆ, ಹೊರಗೆ ಗಾಡಿಗಳು ಸ್ಟಾರ್ಟ್ ಆಗುತ್ತಿವೆ, ಹೋಗುತ್ತಿದ್ದಾರೆ, ಹೋಗಲಿ, ಹೊಟ್ಟೆ ಹಸಿಯುತ್ತಿದೆ, ನಿಶ್ಚಿತಾರ್ಥ ಆದಾಗಿನಿಂದ ಹಸಿವೇ ಇರಲಿಲ್ಲ, ಈಗ ನೋಡು, ಮನೆಯಲ್ಲಿ ಅಮ್ಮ ಬೆಳಿಗ್ಗೆಯೇ ಸಾರು ಮಾಡಿಟ್ಟಿದ್ದಾಳೆ, ಆದರೆ ಮನೆ ಅಂದರೆ ಅಪ್ಪ — ಬಾಗಿಲಲ್ಲಿ ನೆರಳು, ಅಪ್ಪನ ಚಪ್ಪಲಿ, ಎಡಗಾಲಿನದರ ಉಂಗುಷ್ಠದ ಪಟ್ಟಿ ಕಿತ್ತು ಪಿನ್ನು ಹಾಕಿರುವುದು, ಹೊಸ್ತಿಲಾಚೆಯೇ ನಿಂತಿದೆ, ಒಳಗೆ ಬರುವುದಿಲ್ಲ, ನನ್ನ ಕೈ ನಿಂತಿತು, ಬೈಯಲಿ, ಎಲ್ಲರ ಮುಂದೆ ಮರ್ಯಾದೆ ತೆಗೆದೆ ಅನ್ನಲಿ, ಕೇಳಿಸಿಕೊಳ್ಳುತ್ತೇನೆ, ಆದರೆ ಹಿಂದಕ್ಕೆ ತಗೋ ಅಂದರೆ ತಗೊಳ್ಳುವುದಿಲ್ಲ, ಅಷ್ಟು ಮಾತ್ರ, ಅಪ್ಪ ಕೆಮ್ಮಿದರು, ಅಮ್ಮನವರೇ, ಆ ಅಂಗಿ ಹಳೇದಾಯ್ತು, ಎಷ್ಟು ಮಡಚಿದ್ರೂ ಅಷ್ಟೇ, ನಿಮ್ಮ ಅಳತೆಗೆ ಹೊಸದು ಹೊಲಿಸ್ಬೇಕು, ಕಮಿಟೀಲಿ ನಾನೇ ಹೇಳ್ತೀನಿ. ಇವಳೇ ಹೊಲೀಲಿ ಅಂದರು, ಚಪ್ಪಲಿ ತಿರುಗಿತು, ಮುಗಿಸಿ ಬೇಗ ಬಾರೇ, ಊಟಕ್ಕೆ ಕಾಯ್ತಿರ್ತೀವಿ. ಅಮ್ಮನವರು ಮೇಲಿನಿಂದ ಏನೋ ಅಂದರು, ಕೇಳಿಸಲಿಲ್ಲ, ಕಣ್ಣು ಮಂಜಾಗಿ ಹೊಲಿಗೆ ಕಾಣುತ್ತಿಲ್ಲ, ಅಂಚೂ ಕಾಣುತ್ತಿಲ್ಲ, ಕಾಣುವುದು ಬೆಳಗಿನದೇ, ಪೀಠದ ಮೆಟ್ಟಿಲು, ಬಿಚ್ಚಿ ಜೋತಿರುವ ಬಿಳಿ ಅಂಚು, ಎತ್ತಿದ ಕಾಲು, ಕೆಳಗಿನ ಮೆಟ್ಟಿಲಿಗೆ ಇಳಿದ ದಾರ, ನನ್ನನ್ನ ಎಬ್ಬಿಸಿ ನಿಲ್ಲಿಸಿದ ಆ ಬಿಳಿ ದಾರ —