ಪಕ್ಕದ ಗೇಟಿಗೆ ಇಬ್ಬರು ಬೇಕು

ಮನೆಗೆ ಅಡಿಪಾಯ, ಮಗಳಿಗೆ ವರ, ಹೊರಗೋಡೆಗೆ ಕ್ಯಾಮೆರಾ: ಈ ಮೂರರ ಜಾಗವನ್ನು ಅವಸರದಲ್ಲಿ ಗೊತ್ತುಮಾಡಿದವನು ಜೀವಮಾನವಿಡೀ ಪರಿತಪಿಸುತ್ತಾನೆ ಎಂಬುದು ನಿವೃತ್ತ ಸರ್ವೇಯರರ ಸಿದ್ಧಾಂತ. ಮೊದಲೆರಡರಲ್ಲಿ ತಾವು ಎಡವಿಲ್ಲವೆಂಬ ಹೆಮ್ಮೆ ಅವರಿಗಿತ್ತು. ಮನೆ ಬಿರುಕು ಬಿಟ್ಟಿರಲಿಲ್ಲ. ಅಳಿಯ ಅದೇ ಮನೆಯಲ್ಲಿದ್ದೂ ಎದುರಾಡಿರಲಿಲ್ಲ. ಮೂರನೆಯದಕ್ಕಾಗಿ ಅವರು ವಾರವಿಡೀ ಟೇಪು ಹಿಡಿದು ಅಂಗಳ ಅಳೆದು ನಕ್ಷೆ ಬರೆದರು. ನಾಲ್ಕು ಕ್ಯಾಮೆರಾಗಳಿಗೆ ನಾಲ್ಕು ಕೆಂಪು ಬಾಣ. ಎಲ್ಲವೂ ಹೊರಮುಖ.

ಇಷ್ಟಕ್ಕೆಲ್ಲ ಕಾರಣ ಅವರ ಸ್ಕೂಟರು. ಮೂವತ್ತೊಂದು ವರ್ಷದ ಗಾಡಿ. ಒಂದು ಮಧ್ಯಾಹ್ನ ಅವರು ಉಂಡು ಮಲಗಿ ಏಳುವಷ್ಟರಲ್ಲಿ ಜಗಲಿ ಪಕ್ಕದಿಂದ ಮಾಯವಾಗಿತ್ತು. ಅದನ್ನು ಕದ್ದವನು ಸಿಕ್ಕರೆ ಹೊಡೆಯುವ ಮೊದಲು ಒಂದು ಸನ್ಮಾನ ಮಾಡಬೇಕೆಂದು ಎದುರುಮನೆಯವರು ಹೇಳಿದ್ದು ಕೇಳಿ ಬೀದಿಯೆಲ್ಲ ನಕ್ಕಿತು. ಸರ್ವೇಯರರು ನಗಲಿಲ್ಲ. ಅಳಿಯನೂ ನಗಲಿಲ್ಲ. ಹನ್ನೊಂದು ದಿನ ಮಾವನ ಜೊತೆ ಸಂದಿಗೊಂದಿ ಅಲೆದ. ಮೆಕ್ಯಾನಿಕ್ ಅಂಗಡಿಗಳಲ್ಲಿ ಬಗ್ಗಿ ಬಗ್ಗಿ ನಂಬರ್ ಪ್ಲೇಟು ಓದಿದ. ಸರ್ವೇಯರರ ಹೆಂಡತಿಯಂತೂ ಕಳ್ಳನ ಕೈ ಸೇದಿಹೋಗಲಿ ಎಂದು ಶಾಪ ಹಾಕಿದ ರಭಸಕ್ಕೆ ಸರ್ವೇಯರರೇ ಅವಳನ್ನು ಸಮಾಧಾನ ಮಾಡಬೇಕಾಯಿತು. ಗಾಡಿ ಹೋದರೆ ಹೋಯಿತು, ಮನೆಯವರೆಲ್ಲ ತನ್ನ ಕಡೆ ಇದ್ದಾರಲ್ಲ ಎಂದು ಅವರು ಒಳಗೊಳಗೇ ಬೀಗಿದ್ದೂ ಉಂಟು.

ಭಾನುವಾರ ಬೆಳಗ್ಗೆ ಕ್ಯಾಮೆರಾದವನು ಏಣಿ ಹೊತ್ತು ಬಂದ. ನಕ್ಷೆ ನೋಡಿ ಮೆಚ್ಚಿದ, ಮಡಚಿ ವಾಪಸು ಕೊಟ್ಟ. ಅವನದೊಂದು ಪದ್ಧತಿಯಿತ್ತು. ಗೋಡೆಗೆ ತೂತು ಕೊರೆಯುವ ಮೊದಲು ಮನೆಯವರಲ್ಲಿ ಒಬ್ಬರು ಕಳ್ಳನಾಗಿ ನಡೆದು ತೋರಿಸಬೇಕು. ಅವನು ಏಣಿಯ ಮೇಲೆ ನಿಂತು ಮೊಬೈಲಿನಲ್ಲಿ ನೋಡಿ ಕೋನ ಹಿಡಿಯುತ್ತಾನೆ. ಕಾಗದದ ಮೇಲೆ ಕಳ್ಳರು ನಡೆಯುವುದಿಲ್ಲ ಎಂಬುದು ಅವನ ವಾದ.

ಅಳಿಯ ಕಳ್ಳನಾದ. ಸ್ಕೂಟರಿನ ಬದಲು ಅವನ ಸೈಕಲ್ಲು. ಮುಂದಿನ ಗೇಟಿನಲ್ಲಿ ಎರಡು ಸಲ ಕದ್ದು ತೋರಿಸಿದ. ಎರಡು ಜಾಗ ಗೊತ್ತಾದವು. ಪಕ್ಕದ ಗೇಟಿಗೆ ಕ್ಯಾಮೆರಾ ದಂಡ, ಅಲ್ಲಿ ಬೆಕ್ಕೂ ಬರುವುದಿಲ್ಲ ಎಂದು ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ಮೂರನೇ ಬಾರಿ ಹೇಳಿದಳು. ಸರ್ವೇಯರರು ಮೂರನೇ ಬಾರಿ ಕೇಳಿಸಿಕೊಳ್ಳಲಿಲ್ಲ.

ಪಕ್ಕದ ಗೇಟಿಗೆ ಸರ್ವೇಯರರೇ ಒಂದು ಸ್ಪ್ರಿಂಗು ಹಾಕಿಸಿದ್ದರು, ಬೀದಿನಾಯಿ ಬರಬಾರದೆಂದು. ತೆರೆದು ಕೈಬಿಟ್ಟರೆ ಫಟ್ಟನೆ ಬಂದು ಬಡಿಯುತ್ತದೆ. ಗಾಡಿ ತಳ್ಳುವವನ ಎರಡು ಕೈಯೂ ಹ್ಯಾಂಡಲಿನ ಮೇಲಿರುತ್ತವೆ. ಆದ್ದರಿಂದ ಅಲ್ಲಿಂದ ಗಾಡಿ ದಾಟಿಸಲು ಇಬ್ಬರು ಬೇಕು.

ಅಳಿಯ ಸೈಕಲ್ಲು ತಳ್ಳಿಕೊಂಡು ಗೇಟಿನ ಹತ್ತಿರ ಬಂದು ತಲೆ ತಿರುಗಿಸದೆ, "ಅತ್ತೆ," ಎಂದ.

ಅವಳು ಮೊರ ಕೆಳಗಿಟ್ಟು ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗೇಟು ಎಳೆದು, ಎಡಗಾಲನ್ನು ಅಡ್ಡ ಕೊಟ್ಟು ಒತ್ತಿ ಹಿಡಿದಳು. ಅಳಿಯ ಸೈಕಲ್ಲನ್ನು ತುಸು ಬಲಕ್ಕೆ ವಾಲಿಸಿದ. ಸೈಕಲ್ಲಿಗೆ ಅದು ಬೇಕಿರಲಿಲ್ಲ. ಸ್ಕೂಟರಿಗಾದರೆ ಬೇಕು; ಇಲ್ಲವಾದರೆ ಅದರ ಕಾಲ್ಹಲಗೆ ಹೊಸ್ತಿಲ ಕಲ್ಲಿಗೆ ತಾಗುತ್ತದೆ.

"ಸೂಪರ್," ಎಂದ ಏಣಿಯ ಮೇಲಿದ್ದವನು. "ಇದು ಕಳ್ಳತನ ಅಂದ್ರೆ."

ಆಮೇಲೆ ಕೆಳಗಿನ ಮೂರು ಮುಖಗಳನ್ನು ನೋಡಿ ಮೊಬೈಲು ಜೇಬಿಗೆ ಹಾಕಿಕೊಂಡ.

ಹೆಂಡತಿ ಕಾಲು ತೆಗೆದಳು. ಗೇಟು ಫಟ್ಟೆಂದಿತು.

"ಗಾಡಿ ಎಲ್ಲಿದೆ?" ಎಂದರು ಸರ್ವೇಯರರು.

"ಗುಜರಿಗೆ ಹೋಯ್ತು," ಎಂದಳು. "ಎರಡು ತಿಂಗಳಲ್ಲಿ ಮೂರು ಸಲ ಬಿದ್ರಿ. ಮೂರನೇ ಸಲ ಮೊಮ್ಮಗು ಒಂದು ಮಾರು ದೂರದಲ್ಲಿತ್ತು. ಬಿಡಿ ಅಂದ್ರೆ ಬಿಡ್ತಿದ್ರಾ?"

"ಬಿಡ್ತಿರಲಿಲ್ಲ."

"ಮತ್ತೆ?"

ಸರ್ವೇಯರರಿಗೆ ಕೇಳಬೇಕಾದ್ದು ಬೇರೊಂದಿತ್ತು. ಅಳಿಯನ ಕಡೆ ತಿರುಗಿದರು.

"ಹನ್ನೊಂದು ದಿನ ನನ್ನ ಜೊತೆ ಹುಡುಕಿದೆಯಲ್ಲಪ್ಪ."

"ನಿಮ್ಮೊಬ್ಬರನ್ನೇ ಹೇಗೆ ಕಳಿಸೋದು ಮಾವ," ಎಂದ ಅಳಿಯ. ಸುಳ್ಳಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ನಿಜವನ್ನೇ ಹೇಳುತ್ತಿದ್ದ.

"ಮಗಳಿಗೆ ಗೊತ್ತಾ?"

ಹೆಂಡತಿ ಮೊರ ಎತ್ತಿಕೊಂಡಳು. "ಯೋಚನೆ ಅವಳದ್ದೇ."

ಸರ್ವೇಯರರು ಜಗಲಿಯ ಮೇಲೆ ಕೂತು ನಕ್ಷೆ ಬಿಡಿಸಿದರು. ಗಾಡಿಯ ಚಿಂತೆ ಅವರಿಗೆ ಈಗ ಇರಲಿಲ್ಲ. ಆ ಹನ್ನೊಂದು ದಿನಗಳನ್ನು ಒಂದೊಂದಾಗಿ ನೆನೆಯುತ್ತಿದ್ದರು. ಬಿಸಿಲಲ್ಲಿ ಅಳಿಯ ತಂದುಕೊಟ್ಟ ನೀರಿನ ಬಾಟಲಿ, ಹೆಂಡತಿಯ ಶಾಪ, ಸಿಕ್ಕೇ ಸಿಗುತ್ತೆ ಬಿಡಪ್ಪ ಎಂದು ಮಗಳು ಬೆನ್ನು ಸವರಿದ್ದು. ಪೆನ್ನು ತೆಗೆದು ನಾಲ್ಕು ಬಾಣಗಳನ್ನೂ ಹೊಡೆದುಹಾಕಿದರು. ಕಾಂಪೌಂಡಿನ ನಾಲ್ಕು ಮೂಲೆಗಳಿಂದ ಹೊಸದಾಗಿ ನಾಲ್ಕು ಎಳೆದರು.

ಕ್ಯಾಮೆರಾದವನು ಕಾಗದವನ್ನು ತಿರುವಿ ಮುರುವಿ ನೋಡಿದ.

"ಸಾರ್, ಎಲ್ಲಾ ಮನೆ ಕಡೆ ಮುಖ ಮಾಡಿವೆ. ಹೊರಗಿನವರು ಬಂದ್ರೆ ಕಾಣಲ್ಲ."

"ಹೊರಗಿನವರು ನನಗಿನ್ನೂ ಏನೂ ಮಾಡಿಲ್ಲ."

ಅಳಿಯ ಏಣಿ ಹಿಡಿದುಕೊಂಡ. ಸಂಜೆ ಐದರ ಹೊತ್ತಿಗೆ ನಾಲ್ಕೂ ಕ್ಯಾಮೆರಾಗಳು ಕಾಂಪೌಂಡ್ ಗೋಡೆಯ ಮೇಲೆ ಮನೆಗೆ ಮುಖಮಾಡಿ ಕೂತವು.