ಎಳ್ಳು ಹಚ್ಚದ ರೊಟ್ಟಿ

"ನಿಮ್ಮ ರೊಟ್ಟಿ ಮ್ಯಾಗ ಒಂದು ಕರೇ ಚುಕ್ಕಿ ಬಿದ್ರೂ, ಆ ರೊಟ್ಟಿ ನಾನೇ ತಿಂತೇನಿ. ಬಸವಣ್ಣನ ಆಣಿ ಅದ."

ಎಂಟು ವರ್ಷದ ಹಿಂದೆ ಶಾಂತಲಿಂಗಪ್ಪ ಸಾವ್ಕಾರರು ಆಳಂದದ ಆ ಓಣಿಯಲ್ಲಿ ಕೈಮುಗಿದು ನಿಂತು ಹೀಗೆ ಅಂದಿದ್ದರು. ಓಣಿಯ ಬೆನ್ನಿಗಿರುವ ಬಯಲಲ್ಲಿ ಹಳೆ ಟಾಯರು ಕಾಸಿ ಎಣ್ಣೆ ತೆಗೆಯುವ ಭಟ್ಟಿ ಹಾಕಲು ಹೊರಟಿದ್ದರು, ಹೆಂಗಸರು ದಾರಿಗೆ ಅಡ್ಡ ಕೂತಿದ್ದರು. ಮಾತು ಕೇಳಿ ನಕ್ಕು ಎದ್ದುಹೋದವರಲ್ಲಿ ವಿದ್ಯಾವತಿಯೂ ಒಬ್ಬಳು. ಬಗಲಲ್ಲಿ ಒಂದು ವರ್ಷದ ಮಗಳು ನಾಗಾಂಬಿಕಾ ಇದ್ದಳು. ಅವತ್ತು ನಕ್ಕಿದ್ದಕ್ಕೆ ವಿದ್ಯಾವತಿ ತನ್ನನ್ನು ತಾನು ಇನ್ನೂ ಕ್ಷಮಿಸಿಲ್ಲ.

ಅವಳದು ಕಡಕ್ ರೊಟ್ಟಿಯ ದಂಧೆ. ಜೋಳದ ರೊಟ್ಟಿ ಬಡಿದು, ಬೇಯಿಸಿ, ಮಾಳಿಗೆಯ ಮೇಲೆ ಬಿಳಿ ಧೋತರ ಹಾಸಿ ಒಣಗಿಸಿದರೆ ತಿಂಗಳಾದರೂ ಕೆಡುವುದಿಲ್ಲ. ಭಟ್ಟಿ ಹೊತ್ತಿದ ಮೇಲೆ ಆ ಧೋತರ ಬಿಳಿ ಉಳಿಯಲಿಲ್ಲ. ಎಣ್ಣೆಯಂಥ ಮಸಿ, ಒರೆಸಿದರೆ ಹರಡುತ್ತದೆ, ಸಾಬೂನಿಗೂ ಜಗ್ಗುವುದಿಲ್ಲ. ಅವಳು ರೊಟ್ಟಿಗಳನ್ನು ಒಳಗಿನ ಖೋಲಿಗೆ ತಂದು ಫ್ಯಾನಿನ ಕೆಳಗೆ ಒಣಗಿಸಿದಳು. ಆದರೆ ಮಗಳನ್ನು ಎಲ್ಲಿ ಮುಚ್ಚಿಡುವುದು? ನಾಗಾಂಬಿಕಾ ಕೆಮ್ಮಿ ಕೆಮ್ಮಿ ನೀಲಿಗಟ್ಟಿದ ದಿನ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು: "ಹೊಗಿನರ ಬಿಡಸ್ರಿ, ಇಲ್ಲಾ ಹುಡುಗಿಗಿ ಈ ಊರರ ಬಿಡಸ್ರಿ."

ಊರು ಬಿಡಿಸಿದಳು. ಒಂದೂವರೆ ವರ್ಷದಿಂದ ಮಗಳು ಸರಸಂಬಾದಲ್ಲಿ ಅಜ್ಜಿಯ ಹತ್ತಿರ. ದಿನಾ ಸಂಜೆ ಫೋನಿನಲ್ಲಿ ಒಂದೇ ಪ್ರಶ್ನೆ: "ಯವ್ವಾ, ಹೊಗಿ ನಿಂತದೇನು?"

ವಿದ್ಯಾವತಿ ಅರ್ಜಿ ಕೊಟ್ಟಳು. ಜಿಲ್ಲೆಯಿಂದ ಒಬ್ಬ ಸಾಹೇಬರು ಜೀಪಿನಲ್ಲಿ ಬಂದರು, ಓಣಿಯಲ್ಲಿ ಇಳಿಯಲೇ ಇಲ್ಲ, ಭಟ್ಟಿಯ ಆಫೀಸಿನಲ್ಲಿ ಚಹಾ ಕುಡಿದು ಹೋದರು. ಉತ್ತರ ಬಂತು: "ಸದರಿ ಕಪ್ಪು ಕಣಗಳು ರಸ್ತೆಯ ಧೂಳು." ಆ ಕಾಗದವನ್ನು ಅವಳು ಹರಿಯಲಿಲ್ಲ. ಮಡಚಿ ಹಿಟ್ಟಿನ ಡಬ್ಬಿಯ ಮುಚ್ಚಳದೊಳಗೆ ಸಿಕ್ಕಿಸಿಟ್ಟಳು. ಡಬ್ಬಿ ತೆರೆದಾಗಲೆಲ್ಲ ಓದುತ್ತಿದ್ದಳು.

ಈ ಮಾಘದಲ್ಲಿ ಪಕ್ಕದ ಮನೆಯ ಸುಭದ್ರಾಬಾಯಿ ಸುದ್ದಿ ತಂದಳು.

"ಸಾವ್ಕಾರ್ರಿಗಿ ಹಸಿರು ರತ್ನ ಅಂತ ಸನ್ಮಾನ ಅದಂತ. ನಾಲ್ಕು ಬೇವಿನ ಸಸಿ ನೆಟ್ಟಾರಲ್ಲ, ಅದಕ್ಕ! ಆ ಜೀಪಿನ ಸಾಹೇಬನೇ ಶಾಲು ಹೊಚ್ಚವ. ಊಟಕ್ಕ ಮುನ್ನೂರು ರೊಟ್ಟಿ ನೀನೇ ಮಾಡಬೇಕಂತ."

"ಮಾಡ್ತೇನಂತ ಹೇಳಕ್ಕಾ."

"ತಲಿ ಕೆಟ್ಟದೇನಬೇ ನಿಂದು? ಆ ಮನಿಹಾಳಗ ರೊಟ್ಟಿ ಬಡೀತಿ?"

"ಬಡೀತೇನಿ. ಅವರಿಬ್ಬರಿಗಿ ಬ್ಯಾರೇನೇ ಬಡೀತೇನಿ."

ಮುನ್ನೂರು ರೊಟ್ಟಿ ಖೋಲಿಯೊಳಗೆ ಒಣಗಿದವು. ಉಂಡುಹೋಗುವ ಜನ ಅವಳಿಗೇನು ಮಾಡಿದ್ದರು? ಆರು ರೊಟ್ಟಿ ಮಾತ್ರ ಮಾಳಿಗೆ ಹತ್ತಿದವು. ನಾಲ್ಕು ದಿನ ಅವಳು ಅವನ್ನು ಮುಚ್ಚಲಿಲ್ಲ, ಝಾಡಿಸಲಿಲ್ಲ. ಬೆಳಿಗ್ಗೆ ಎದ್ದು ನೋಡುವಳು, ಹಬ್ಬದ ಅಡುಗೆಯ ಹದ ನೋಡಿದಂತೆ. ಇನ್ನೂ ಸಾಲದು ಅನಿಸಿದರೆ ಮಗ್ಗಲು ಹೊರಳಿಸಿ ಇಳಿದುಬರುವಳು.

ಸನ್ಮಾನದ ದಿನ ಭಾಷಣ ಮುಗಿದು, ಶಾಲು ಹೊದ್ದ ಶಾಂತಲಿಂಗಪ್ಪ ಊಟಕ್ಕೆ ಕೂತರು. ಪಕ್ಕದಲ್ಲಿ ಸಾಹೇಬರು. ಸೆರಗು ಸಿಕ್ಕಿಸಿಕೊಂಡ ವಿದ್ಯಾವತಿ ಬೇರೆ ಬಟ್ಟೆಯ ಗಂಟು ಬಿಚ್ಚಿ ಮೊದಲು ಸಾವ್ಕಾರರಿಗೆ ಎರಡು ಬಡಿಸಿದಳು.

"ಅರೆ ತಂಗಿ, ಎಳ್ಳು ಹಚ್ಚೀರಿ! ಸಂಕ್ರಾಂತಿ ಮುಗದರೂ ಎಳ್ಳು ಬಿಟ್ಟಿಲ್ಲ ನೋಡ್ರಿ ಸಾಹೇಬ್ರ, ಇದು ನಮ್ಮ ಆಳಂದದ ಕೈ!"

ಮುರಿದರು, ಮೊಸರಲ್ಲಿ ಅದ್ದಿದರು, ಬಾಯಿಗಿಟ್ಟು ತಲೆದೂಗಿದರು. ಮಾತಿನ ಭರದಲ್ಲಿ ಒಂದು ರೊಟ್ಟಿ ಮುಗಿಯಿತು. ಎರಡನೆಯದು ಅರ್ಧಕ್ಕೆ ಬಂದಾಗ ಸಾಹೇಬರ ಕಣ್ಣು ಸಾವ್ಕಾರರ ಬಟ್ಟಲಿಗೆ ಬಿತ್ತು. ಬಿಳಿ ಮೊಸರು ಸ್ಲೇಟು ತೊಳೆದ ನೀರಿನಂತಾಗಿತ್ತು. ಸಾವ್ಕಾರರ ಬೆರಳು ಕಪ್ಪು, ತುಟಿ ಕಪ್ಪು.

"ಎಳ್ಳಲ್ರಿ ಸಾವ್ಕಾರ್ರ," ಅಂದಳು ವಿದ್ಯಾವತಿ. ದನಿ ಏರಿಸಲಿಲ್ಲ, ಆದರೆ ಇಡೀ ಪಂಕ್ತಿಗೆ ಕೇಳಿಸಿತು. "ನಿಮ್ಮ ಭಟ್ಟೀದು. ಬಿದ್ರ ನಾನೇ ತಿಂತೇನಿ ಅಂತ ಬಸವಣ್ಣನ ಆಣಿ ಮಾಡಿದ್ರಿ. ಅದಕ್ಕ ತಂದೀನಿ."

ಶಾಂತಲಿಂಗಪ್ಪ ತಡವರಿಸಿದರು. ಸುತ್ತ ಹತ್ತಾರು ಮೊಬೈಲು ಮೇಲೆದ್ದವು. "ಏ, ಅದು... ಅದು ರೋಡಿನ ಧೂಳಬೇ! ಸಾಹೇಬರೇ ಬರದುಕೊಟ್ಟಾರಲ್ಲ!"

ವಿದ್ಯಾವತಿ ಕಾದಿದ್ದು ಈ ಮಾತಿಗೇ. ಸೊಂಟದಿಂದ ಹಿಟ್ಟಿನ ಡಬ್ಬಿಯ ಆ ಕಾಗದ ತೆಗೆದು ಸಾಹೇಬರ ಎಲೆಯ ಬದಿಗಿಟ್ಟಳು. ಅದರ ಪಕ್ಕ ಗಂಟಿನಿಂದ ಒಂದು ರೊಟ್ಟಿ ಬಡಿಸಿದಳು.

"ಹೌದ್ರಿ, ಇವರೇ ಬರದಾರ. ಧೂಳು ನಾವು ದಿನಾ ತಿಂತೀವಿ, ಏನೂ ಆಗಂಗಿಲ್ಲ. ಉಣ್ರಿ ಸಾಹೇಬ್ರ."

ಸಾಹೇಬರು ಎಲೆಯನ್ನು ಹಿಂದಕ್ಕೆ ತಳ್ಳಿದರು. "ತಗೀರಿ ಇದನ್ನ! ಟಾಯರಿನ ಮಸಿ ಇದು, ವಿಷ! ಯಾರರೇ ತಿಂತಾರೇನ್ರಿ?"

ಹೇಳಿದ ಮೇಲೆ ತಾವೇನು ಹೇಳಿದೆವೆಂದು ಅವರಿಗೆ ತಿಳಿಯಿತು. ಮೊಬೈಲುಗಳು ಈಗ ಅವರ ಕಡೆ ಹೊರಳಿದವು.

"ನನ್ನ ಮಗಳು ಆರು ವರ್ಷ ತಿಂದಾಳ್ರಿ," ಅಂದಳು ವಿದ್ಯಾವತಿ. ಆಮೇಲೆ ಸಾವ್ಕಾರರ ಕಡೆ ಬಾಗಿ, ಅತಿಥಿಗೆ ಕೇಳುವಷ್ಟೇ ಮರ್ಯಾದೆಯಿಂದ ಕೇಳಿದಳು: "ಇನ್ನೊಂದು ಬಡಸಲೇನ್ರಿ?"

ಶಾಂತಲಿಂಗಪ್ಪ ಶಾಲಿನಿಂದಲೇ ಬಾಯಿ ಒರೆಸಿಕೊಂಡು ಎದ್ದರು. ಬಾಯಿಯ ಮಸಿ ಗಲ್ಲದ ತನಕ ಹರಡಿತು. ಅದೇ ಮುಖ, ಸಾಹೇಬರ 'ವಿಷ' ಅನ್ನುವ ಮಾತಿನ ಸಮೇತ, ಸಂಜೆಯೊಳಗೆ ಅಫಜಲಪುರ, ಜೇವರ್ಗಿಯ ಮೊಬೈಲುಗಳಲ್ಲೂ ಓಡಾಡಿತು. ವಿದ್ಯಾವತಿ ಅದನ್ನು ಊಟಕ್ಕೆ ಮುಂಚೆ ಒಮ್ಮೆ, ಊಟವಾದ ಮೇಲೆ ಒಮ್ಮೆ ನೋಡಿದಳು. ಎಷ್ಟು ನೋಡಿದರೂ ತಣಿಯಲಿಲ್ಲ.

ನಾಲ್ಕನೇ ದಿನ ಅದೇ ಸಾಹೇಬರು ಬಂದು, ಈ ಸಲ ಜೀಪಿನಿಂದ ಇಳಿದು, ಭಟ್ಟಿಗೆ ಬೀಗ ಜಡಿದು ಅರಗಿನ ಮುದ್ರೆ ಒತ್ತಿಸಿದರು. ಐತವಾರ ನಾಗಾಂಬಿಕಾ ಸರಸಂಬಾದ ಬಸ್ಸಿನಿಂದ ಇಳಿದಳು. ಚೀಲ ಇಡುವ ಮೊದಲೇ ಮಾಳಿಗೆ ಹತ್ತಿ ಭಟ್ಟಿಯ ಕೊಳವೆಯ ಕಡೆ ನೋಡಿದಳು.

"ಯವ್ವಾ, ಅಂವ ಖರೇನೇ ತಿಂದನೇನು?"

"ತಿಂದ."

"ಎಷ್ಟು?"

"ಒಂದೂವರಿ."

ಶಾಂತಲಿಂಗಪ್ಪ ಕೊಟ್ಟ ಮಾತು ನಡೆಯಿತು.